ಚೆಲ್ಲಿದ್ದನ್ನು ಆಯುವ ಕಾಯಕ

ಅನ್ನವನ್ನು ಪ್ರಸಾದವೆಂದು ಬಗೆದ ಪರಂಪರೆ ನಮ್ಮದು. ಅಷ್ಟಾವರಣಗಳಲ್ಲಿ ಪ್ರಸಾದಕ್ಕೂ ಸ್ಥಾನ ಕೊಟ್ಟು, ಅಡುಗೆಮನೆಯನ್ನು ಪೂಜೆಯ ಮನೆಗೆ ಸಮನಾಗಿ ಕಂಡವರು ನಮ್ಮ ಶರಣರು. ಮಠದ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದ ನಮಗೆ ಈ ಮಾತು ಎಳೆಯ ವಯಸ್ಸಿನಿಂದಲೂ ಬಾಯಿಪಾಠ. ಆದರೆ ಬಾಯಿಪಾಠವಾದ ಮಾತು ಬಾಳಿಗೆ ಇಳಿಯಬೇಕಾದರೆ ಕೆಲವರಿಗೆ ನಾಲ್ಕು ದಶಕಗಳೇ ಬೇಕಾಗುತ್ತವೆ. ನಾವು ಅಂಥವರಲ್ಲಿ ಒಬ್ಬರು. ನಮಗೆ ಆ ಪಾಠವನ್ನು ಹೊಸದಾಗಿ ಓದಿಸಿದ್ದು ಎರಡು ಕ್ರೇಟು ಟೊಮ್ಯಾಟೊ ಹಣ್ಣು. ಆ ಸಂಗತಿಯನ್ನೂ, ಆ ಹಣ್ಣಿನಿಂದ ಮನೆಯಲ್ಲಿ ಏನೇನು ಮಾಡಬಹುದೆಂಬುದನ್ನೂ ಸದ್ಭಕ್ತರ ಮುಂದೆ ಅರಿಕೆ ಮಾಡಿಕೊಳ್ಳುವುದು ಈ ಬರಹದ ಉದ್ದೇಶ.

ಕೆಲವು ವರ್ಷಗಳ ಹಿಂದಿನ ಮಾತು. ಮಹಾಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಮುಂಡರಗಿ ತಾಲ್ಲೂಕಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಒಕ್ಕಲುತನವನ್ನೇ ನಂಬಿ ಬಾಳುವವರು, ಬೆಳಗಿನ ಒಂಬತ್ತರ ಹೊತ್ತಿಗೆ ಬೆಟಗೇರಿಯ ನಮ್ಮ ಮನೆಯ ಮುಂದೆ ಟಂಟಂ ನಿಲ್ಲಿಸಿ ಎರಡು ಕ್ರೇಟು ಹಣ್ಣು ಇಳಿಸಿದರು. ನಲವತ್ತು ಕಿಲೋಗೂ ಮಿಕ್ಕಿ ಇದ್ದಿರಬೇಕು. ಮಸಾರಿ ಹೊಲದಲ್ಲಿ ಗಿಡದ ಮೇಲೆಯೇ ಪಕ್ವವಾದ, ಕಡುಗೆಂಪಿನ ಹಣ್ಣುಗಳು. ನಾವು ಹಣ ಕೊಡಹೋದರೆ ಅವರು ಕೈ ಮುಗಿದರು.

“ಗುರುಗಳ, ರೊಕ್ಕ ಬ್ಯಾಡ್ರಿ. ಪ್ಯಾಟಿಗೆ ಒಯ್ದಿದ್ನಿರಿ. ಅವರು ಕೇಳೂ ರೇಟಿಗೆ ಗಾಡಿ ಬಾಡಿಗಿನೂ ಹುಟ್ಟೂದಿಲ್ಲ. ಹಾದ್ಯಾಗ ಸುರುವಿ ಹೋಗಬೇಕಂದ್ರ ಕೈ ಬರಲಿಲ್ಲರಿ. ನಿಮ್ಮ ಮನ್ಯಾಗರ ಉಣ್ರಿ” ಎಂದರು.

ಚಹಾ ಕುಡಿದು ಅವರು ಹೊರಟುಹೋದರು. ‘ಕೈ ಬರಲಿಲ್ಲ’ ಎಂಬ ಆ ಮಾತು ಮಾತ್ರ ನಮ್ಮ ಪಡಸಾಲೆಯಲ್ಲಿ ಉಳಿಯಿತು. ನಷ್ಟವಾದವನು ನಷ್ಟದ ಲೆಕ್ಕ ಹೇಳುವುದು ಸಹಜ. ನಷ್ಟದ ನಡುವೆಯೂ ಬೆಳೆದದ್ದನ್ನು ಮಣ್ಣಿಗೆ ಸುರಿಯಲು ಕೈ ಹಿಂಜರಿದರೆ ಅದಕ್ಕೆ ಭಕ್ತಿಯೆಂದೇ ಹೆಸರು.

ಈ ಹಣ್ಣಿನ ಹಣೆಬರಹವೇ ಹಾಗೆ. ಸಸಿ ನಾಟಿದ ಎರಡು ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಧಾರಣೆ ಏರಿದ್ದನ್ನು ಕಂಡು ಎಲ್ಲರೂ ನಾಟುತ್ತಾರೆ. ಎಲ್ಲರ ಹಣ್ಣೂ ಕೂಡಿಯೇ ಮಾರುಕಟ್ಟೆಗೆ ನುಗ್ಗುತ್ತದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಯುತ್ತಿದ್ದರು. ಶೇಂಗಾವನ್ನು ಚೀಲದಲ್ಲಿಟ್ಟು ಬೆಲೆ ಬರುವ ತನಕ ಕುಳಿತುಕೊಳ್ಳಬಹುದು. ಪಕ್ವವಾದ ಟೊಮ್ಯಾಟೊಗೆ ಆ ತಾಳ್ಮೆಯಿಲ್ಲ. ನೂರಕ್ಕೆ ಸುಮಾರು 94 ಪಾಲು ನೀರೇ ಆದ ಅದು ನಮ್ಮ ಬೇಸಿಗೆಯಲ್ಲಿ ನಾಲ್ಕೈದು ದಿನ ತಡೆದರೆ ಹೆಚ್ಚು. 2023ರ ಜುಲೈ ತಿಂಗಳಲ್ಲಿ ದೇಶದ ಬಹುಭಾಗದಲ್ಲಿ ಇದರ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತ್ತು. ಕೆಲವು ನಗರಗಳಲ್ಲಿ ಇನ್ನೂರನ್ನೂ ಮುಟ್ಟಿತ್ತು. ಅದೇ ವರ್ಷ ಕೆಲವು ವಾರಗಳ ತರುವಾಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದರು. ಕೇಂದ್ರ ಸರಕಾರವು 2018-19ರ ಮುಂಗಡಪತ್ರದಲ್ಲಿ ಟೊಮ್ಯಾಟೊ, ಉಳ್ಳಾಗಡ್ಡಿ, ಆಲೂಗಡ್ಡೆಗಳ ಬೆಲೆಯ ಏರಿಳಿತವನ್ನು ತಡೆಯಲೆಂದು 500 ಕೋಟಿ ರೂಪಾಯಿಗಳ ‘ಆಪರೇಷನ್ ಗ್ರೀನ್ಸ್’ ಯೋಜನೆಯನ್ನು ಪ್ರಕಟಿಸಿತ್ತು. ಅವು ದೊಡ್ಡ ಮಟ್ಟದ ಕೆಲಸಗಳು. ಗೃಹಸ್ಥರಾದವರು ತಮ್ಮ ಒಲೆಯ ಮುಂದೆ ಮಾಡಬಹುದಾದದ್ದು ಏನು ಎಂಬುದಷ್ಟೇ ಇಲ್ಲಿಯ ವಿಚಾರ.

ನಮ್ಮ ಧರ್ಮಪತ್ನಿ ಆ ಎರಡು ಕ್ರೇಟುಗಳನ್ನು ನೋಡಿ, “ಭರಣಿ ತೆಗೀಲೇನ್ರಿ?” ಎಂದು ಕೇಳಿದರು. ಸಾಮಾನ್ಯವಾದ ಪ್ರಶ್ನೆ. ಆದರೆ ಭರಣಿಯೆಂಬ ಮಾತು ಕೇಳಿದೊಡನೆ ನಮ್ಮ ಎದೆ ಒಮ್ಮೆ ಕುಗ್ಗಿತು. ಅದಕ್ಕೊಂದು ಕಾರಣವುಂಟು. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ನಮಗೆ ಆಗ ಹತ್ತೊಂಬತ್ತು ವರ್ಷ. ಮಠದಲ್ಲಿ ಸಂಸ್ಕೃತ ಮತ್ತು ವಚನಶಾಸ್ತ್ರಗಳ ಅಧ್ಯಯನ ನಡೆದಿತ್ತು. ಬೇಸಿಗೆಯ ಸೂಟಿಗೆಂದು ಶಿರಹಟ್ಟಿ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಿದ್ದೆವು. ನಾಲ್ಕು ಗ್ರಂಥ ಓದಿದ ಹುಮ್ಮಸ್ಸು ತಲೆಗೇರಿತ್ತು. ಅಡುಗೆಮನೆಯ ನಾಗಂದಿಗೆಯ ಮೇಲೆ ಅವ್ವ ಸಾಲಾಗಿ ಭರಣಿಗಳನ್ನು ಇಟ್ಟಿದ್ದಳು: ಮಾವಿನ ಉಪ್ಪಿನಕಾಯಿ, ನಿಂಬಿಕಾಯಿ, ಕೆಂಪುಖಾರ. ಆ ವರ್ಷ ಬಾವಿಯ ಹೊಲದಲ್ಲಿ ಟೊಮ್ಯಾಟೊ ಚೆನ್ನಾಗಿ ಬಂದಿದ್ದರಿಂದ ಅದರ ತೊಕ್ಕಿನದೂ ಎರಡು ಭರಣಿಗಳಿದ್ದವು. ಮನೆಗೆ ಬಂದ ಬೀಗರ ಮುಂದೆ ನಾವು ಅವ್ವನಿಗೆ ಉಪದೇಶ ಮಾಡಿದೆವು. ನಾಳೆಗೆಂದು ಕೂಡಿಡುವುದು ಶರಣಧರ್ಮಕ್ಕೆ ಸಲ್ಲದು, ಇಂದಿನದು ಇಂದಿಗೆ ಸಾಕು, ಇಷ್ಟೊಂದು ಭರಣಿಗಳನ್ನು ಸಾಲಿಟ್ಟ ಮನೆ ಭಕ್ತನ ಮನೆಯಾಗದು ಎಂದೆಲ್ಲ ನುಡಿದೆವು. ಬೀಗರು ತಲೆದೂಗಿದರು. ಅವ್ವ ನಮ್ಮ ಮುಖವನ್ನೇ ನೋಡಿ, “ನೀ ಓದಿದಾಂವ. ನೀ ಹೇಳಿದ್ದು ಖರೇನ ಇರಬೇಕಪ್ಪ” ಎಂದಳು. ಆ ವಾರದಲ್ಲಿಯೇ ಭರಣಿಗಳಲ್ಲಿದ್ದುದನ್ನೆಲ್ಲ ಓಣಿಯವರಿಗೆ ಹಂಚಿ, ಭರಣಿ ತೊಳೆದು ಅಟ್ಟಕ್ಕೆ ಏರಿಸಿದಳು. ನಮಗೆ ಗೆದ್ದೆವೆಂಬ ಹಿಗ್ಗು.

ಅದೇ ಶ್ರಾವಣದಲ್ಲಿ ಎರಡು ದಿನಕ್ಕೆಂದು ಮತ್ತೆ ಊರಿಗೆ ಹೋಗಿದ್ದೆವು. ಜಡಿಮಳೆ. ಪುರಾಣ ಹೇಳಲು ಬೇರೆ ಊರಿಗೆ ಹೊರಟಿದ್ದ ಇಬ್ಬರು ಜಂಗಮಮೂರ್ತಿಗಳು ಹಳ್ಳ ಬಂದು ದಾರಿ ಕಟ್ಟಿದ್ದರಿಂದ ರಾತ್ರಿ ಎಂಟರ ಹೊತ್ತಿಗೆ ನಮ್ಮ ಮನೆಗೆ ಬಂದರು. ವಾರದಿಂದ ಬಿಡದೆ ಸುರಿದ ಮಳೆಗೆ ಸಂತೆ ನೆರೆದಿರಲಿಲ್ಲ. ಮನೆಯಲ್ಲಿ ಕಾಯಿಪಲ್ಲೆಯಿಲ್ಲ, ಆಕಳು ಬತ್ತಿತ್ತು, ಶೇಂಗಾ ಚಟ್ನಿ ಹಿಂದಿನ ದಿನವೇ ತೀರಿತ್ತು. ಅವ್ವ ಬಿಸಿ ರೊಟ್ಟಿ ಬಡಿದಳು. ನಂಚಿಕೊಳ್ಳಲು ಏನಾದರೂ ಕೊಡಬೇಕೆಂದು ನಾಗಂದಿಗೆಯತ್ತ ಕೈ ಚಾಚಿದಳು. ಅಲ್ಲಿ ಭರಣಿಗಳ ತಳದ ದುಂಡನೆಯ ಗುರುತುಗಳು ಮಾತ್ರ ಉಳಿದಿದ್ದವು. ಚಾಚಿದ ಕೈ ಅಲ್ಲಿಯೇ ಒಂದು ಗಳಿಗೆ ನಿಂತಿತು. ಆಮೇಲೆ ಖಾರದ ಪುಡಿಗೆ ಉಪ್ಪು, ಎಣ್ಣೆ ಕಲಸಿ ಎಡೆಗೆ ಬಡಿಸಿದಳು. ಜಂಗಮರು ಸಂತೋಷದಿಂದಲೇ ಪ್ರಸಾದ ಸ್ವೀಕರಿಸಿದರು. ಆದರೆ ಬಂದ ಜಂಗಮರಿಗೆ ಬರಿಯ ರೊಟ್ಟಿ ನೀಡಿದೆನೆಂಬ ಸಂಕಟ ಅವ್ವನ ಮುಖದಲ್ಲಿದ್ದುದನ್ನು ನಾವು ಕಂಡೆವು. ಆಕೆ ನಮಗೆ ಒಂದು ಮಾತನ್ನೂ ಆಡಲಿಲ್ಲ. ಲಿಂಗೈಕ್ಯಳಾಗುವ ತನಕವೂ ಆ ರಾತ್ರಿಯ ಮಾತೆತ್ತಲಿಲ್ಲ. ಬೈದಿದ್ದರೆ ನಮಗೆ ಅಂದೇ ಹಗುರವಾಗುತ್ತಿತ್ತು.

ನಮ್ಮ ಉಪದೇಶದಲ್ಲಿ ತಪ್ಪಿದ್ದದ್ದಾದರೂ ಎಲ್ಲಿ? ಅಂದು ನಾವು ಆಧಾರವಾಗಿ ಹೇಳಿದ್ದು ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಈ ಹೆಚ್ಚಿನ ಆಸೆ ನಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದರೆಂಬುದು ನಾಡಿಗೆ ತಿಳಿದ ಕಥೆ. ಹತ್ತೊಂಬತ್ತರ ನಾವು ಕಥೆಯ ಈ ಕೊನೆಯನ್ನು ಹಿಡಿದುಕೊಂಡು ಅದರ ಮೊದಲನ್ನು ಮರೆತಿದ್ದೆವು. ಆ ದಂಪತಿಗಳ ಕಾಯಕ ಯಾವುದು? ಚೆಲ್ಲಿಹೋದ ಅಕ್ಕಿಯನ್ನು ಆಯುವುದು. ಕಾಲಡಿಯಲ್ಲಿ ತುಳಿದು ಮಣ್ಣಾಗಿ ಹೋಗಬಹುದಾಗಿದ್ದ ಕಾಳುಗಳನ್ನು ಒಂದೊಂದಾಗಿ ಎತ್ತಿ, ತೊಳೆದು, ಬೇಯಿಸಿ ಜಂಗಮರಿಗೆ ನೀಡುವುದು. ಲಕ್ಕಮ್ಮನವರು ಬೇಡವೆಂದದ್ದು ಆಸೆಯನ್ನು. ಆಯುವುದನ್ನು ಅವರು ಜೀವನವಿಡೀ ಬಿಡಲಿಲ್ಲ. ಬೆಲೆ ಏರಲೆಂದು ಬೀಗ ಹಾಕಿದ ಉಗ್ರಾಣ ಒಂದು. ಕೆಟ್ಟುಹೋಗುವುದನ್ನು ಕೆಡಗೊಡದೆ, ಬಂದವರ ಎಡೆಗೆಂದು ತುಂಬಿಟ್ಟ ಭರಣಿ ಇನ್ನೊಂದು. ಅವ್ವ ಓದಿರಲಿಲ್ಲ, ಆದರೆ ಆಕೆಗೆ ಈ ವ್ಯತ್ಯಾಸ ಗೊತ್ತಿತ್ತು. ಓದಿದ ನಮಗೆ ಗೊತ್ತಿರಲಿಲ್ಲ.

“ತೆಗೀರಿ” ಎಂದೆವು ನಾವು. ಈಳಿಗೆಯನ್ನು ಕೇಳಿ ಪಡೆದು ಹಣ್ಣು ಹೆಚ್ಚಲು ಕುಳಿತೆವು. ಅರುವತ್ತು ದಾಟಿದ ಮೇಲೆ ಮೊದಲ ಸಲ ಈಳಿಗೆ ಮುಟ್ಟಿದವರನ್ನು ಕಂಡು ಮನೆಯವರು ನಕ್ಕರು. ಬೆರಳಿಗೆ ಗಾಯವಾಗದಂತೆ ಹಣ್ಣು ಹಿಡಿಯುವ ಬಗೆಯನ್ನು ತೋರಿಸಿಕೊಟ್ಟರು.

ಮುಂದಿನ ಕ್ರಮಗಳನ್ನು ಹೇಳುವ ಮೊದಲು ಒಂದೆರಡು ಮಾತು. ಟೊಮ್ಯಾಟೊ ನಮ್ಮ ನಾಡಿನ ಮೂಲದ ಹಣ್ಣಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಈ ಕಡೆಗೆ ಬಂದದ್ದು. ಮೆಣಸಿನಕಾಯಿಯೂ ಹಾಗೆಯೇ. ಬಸವಣ್ಣನವರ ಕಾಲದ ಮಹಾಮನೆಯ ಅಡುಗೆಯಲ್ಲಿ ಇವೆರಡೂ ಇರಲಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿಯೂ ಇವುಗಳ ಸುಳಿವಿಲ್ಲ. ನಮ್ಮ ಅಜ್ಜಿ ಟೊಮ್ಯಾಟೊವನ್ನು ‘ಚಪ್ಪರಬದನೆ’ ಎನ್ನುತ್ತಿದ್ದಳು. ಹಬ್ಬದ ಅಡುಗೆಗೆ ಬಳಸಲು ಹಿಂದೆಮುಂದೆ ನೋಡುತ್ತಿದ್ದಳು. ಇಂದು ಅದಿಲ್ಲದ ಸಾರು ಸಾರೇ ಅಲ್ಲವೆನ್ನುವಂತಾಗಿದೆ. ದೂರದಿಂದ ಬಂದ ಅತಿಥಿ ಮನೆಯವನೇ ಆದ. ನಮ್ಮ ದಾಸೋಹದ ಗುಣವೇ ಅಂಥದು.

ಇನ್ನೊಂದು ಮಾತು ಹುಳಿಯನ್ನು ಕುರಿತದ್ದು. ಅವ್ವನ ಕಾಲದ ಜವಾರಿ ಹಣ್ಣು ಚಿಕ್ಕದು, ಮೈಯೆಲ್ಲ ಗೀರುಗೀರು, ತೆಳು ಸಿಪ್ಪೆ, ಬಲು ಹುಳಿ. ಈಗಿನ ಹೈಬ್ರಿಡ್ ಹಣ್ಣು ಸಾಗಾಟಕ್ಕೆ ತಾಳಲೆಂದು ದಪ್ಪ ಸಿಪ್ಪೆ, ಗಟ್ಟಿ ತಿರುಳು ಪಡೆದಿದೆ. ಹುಳಿ ಮಾತ್ರ ಕಡಿಮೆ. ಹುಳಿ ಕೇವಲ ರುಚಿಯ ಮಾತಲ್ಲ. ಕೆಡದಂತೆ ಕಾಯುವ ಶಕ್ತಿಯೂ ಅದರಲ್ಲಿದೆ. ಆದ್ದರಿಂದ ಹಳೆಯ ತೊಕ್ಕಿಗೆ ಬೇಡವಾಗಿದ್ದ ಹುಣಸೆಹಣ್ಣು ಇಂದಿನ ತೊಕ್ಕಿಗೆ ಬೇಕು.

ಹಣ್ಣನ್ನು ಆರಿಸುವಾಗ ಬಿರಿದದ್ದು, ಮೆತ್ತಗಾದದ್ದು, ಬೂಸು ಹಿಡಿದದ್ದು ಎಂದು ಮೂರು ಪಾಲು ಮಾಡಬೇಕು. ಬಿರಿದದ್ದು ಮತ್ತು ಮೆತ್ತಗಾದದ್ದು ಅಂದಿನ ಸಾರಿಗೆ. ಬೂಸು ಹಿಡಿದ ಹಣ್ಣಿನ ಒಂದು ಬದಿಯನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸುವುದು ತರವಲ್ಲ. ಮೆದುವಾದ ತಿರುಳಿನಲ್ಲಿ ಬೂಸಿನ ಎಳೆ ಕಣ್ಣಿಗೆ ಕಾಣದಷ್ಟು ಒಳಗೆ ಹರಡಿರುತ್ತದೆ. ಅದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ಗಟ್ಟಿಯಾದ ಹಣ್ಣನ್ನು ತೊಟ್ಟಿನ ಬದಿ ಕೆಳಗಾಗುವಂತೆ ನೆರಳಿನಲ್ಲಿ ಒಂದೇ ಪದರಾಗಿ ಹರಡಬೇಕು. ಅರೆಮಾಗಿದ ಹಣ್ಣನ್ನು ಫ್ರಿಜ್ಜಿನಲ್ಲಿ ಇಡಬಾರದು. ಚಳಿಗೆ ಅದು ಮಾಗುವುದೂ ನಿಲ್ಲುತ್ತದೆ, ಕಂಪೂ ಹೋಗುತ್ತದೆ. ಪಾತ್ರೆ ಉಕ್ಕಿನದಿರಲಿ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳಲ್ಲಿ ಹುಳಿ ಕುದಿಸಿದರೆ ಲೋಹ ಕರಗಿ ಅಡುಗೆಗೆ ಇಳಿಯುತ್ತದೆ. ಅದು ದೇಹಕ್ಕೆ ಕೇಡು.

ಮೊದಲು ನಿತ್ಯದ ಅಡುಗೆ. ರೊಟ್ಟಿಗೆ ಸುಟ್ಟ ಟೊಮ್ಯಾಟೊದ ಚಟ್ನಿಯಷ್ಟು ಸುಲಭವಾದದ್ದೂ ಹಿತವಾದದ್ದೂ ಇನ್ನೊಂದಿಲ್ಲ. ನಾಲ್ಕು ಹಣ್ಣು, ಮೂರು ಹಸಿ ಮೆಣಸಿನಕಾಯಿಗಳನ್ನು ಕೆಂಡದ ಮೇಲೆ ಅಥವಾ ಗ್ಯಾಸಿನ ಉರಿಯ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಟ್ಟು, ಸಿಪ್ಪೆ ಸುಲಿದು, ಐದಾರು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ಒರಳಿನಲ್ಲಿ ಜಜ್ಜಬೇಕು. ಹುರಿದ ಶೇಂಗಾ ಒಂದು ಹಿಡಿ ತರಿತರಿಯಾಗಿ ಕುಟ್ಟಿ ಸೇರಿಸಿ, ಮೇಲೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಒಂದು ಚಮಚ ಹಸಿ ಕುಸುಬೆ ಎಣ್ಣೆ. ನುಣ್ಣಗೆ ರುಬ್ಬಬಾರದು, ಹಲ್ಲಿಗೆ ಸಿಕ್ಕುವಂತಿರಬೇಕು.

ಮಠದಲ್ಲಿ ಉಂಡ ಸಾರಿನ ಕ್ರಮ ಇನ್ನೂ ಸರಳ. ಇಡಿಯ ಹಣ್ಣುಗಳನ್ನು ಬೇಯಿಸಿ, ಆರಿದ ಮೇಲೆ ಕೈಯಿಂದ ಹಿಸುಕಿ, ಸಿಪ್ಪೆ ತೆಗೆದು, ಬೇಳೆಯ ಕಟ್ಟು ಬೆರೆಸಬೇಕು. ಕುಟ್ಟಿದ ಮೆಣಸು, ಜೀರಿಗೆ, ನಿಂಬೆಗಾತ್ರದ ಬೆಲ್ಲ, ಉಪ್ಪು ಹಾಕಿ ಒಂದು ಕುದಿ ಬಂದೊಡನೆ ಇಳಿಸಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಹೆಚ್ಚು ಕುದಿಸಿದರೆ ಹಣ್ಣಿನ ‘ಸಿ’ ಜೀವಸತ್ವ ನಷ್ಟವಾಗುತ್ತದೆ. ಆದರೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ಅಂಶ ಬೇಯಿಸಿದಾಗ, ಎಣ್ಣೆಯೊಡನೆ ಕೂಡಿದಾಗ ದೇಹಕ್ಕೆ ಹೆಚ್ಚಾಗಿ ಒದಗುತ್ತದೆಂದು ಆಹಾರವಿಜ್ಞಾನ ಹೇಳುತ್ತದೆ. ಆದ್ದರಿಂದ ಹಸಿಯದೂ ಬೇಕು, ಬೆಂದದ್ದೂ ಬೇಕು.

ಇನ್ನು ತೊಕ್ಕು. ಎರಡು ಕಿಲೋ ಗಟ್ಟಿ ಹಣ್ಣನ್ನು ತೊಳೆದು, ಬಟ್ಟೆಯಿಂದ ಒರೆಸಿ, ಮೈಮೇಲಿನ ನೀರು ಪೂರ್ತಿ ಆರಿದ ಮೇಲೆ ಹೆಚ್ಚಬೇಕು. ಬೀಜ, ನಾರು ತೆಗೆದ ನೂರು ಗ್ರಾಂ ಹುಣಸೆಹಣ್ಣನ್ನು ಅದರೊಡನೆ ಸೇರಿಸಿ, ಒಂದು ಹನಿ ನೀರನ್ನೂ ಹಾಕದೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಹಣ್ಣು ತನ್ನ ನೀರನ್ನು ತಾನೇ ಬಿಟ್ಟು, ಅದರಲ್ಲಿಯೇ ಬೆಂದು, ಮತ್ತೆ ಅದನ್ನು ಇಂಗಿಸಿಕೊಳ್ಳುತ್ತದೆ. ಇದಕ್ಕೆ ಒಂದು ತಾಸಿಗೂ ಮಿಕ್ಕಿ ಹೊತ್ತು ಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಆರಿದ ಮೇಲೆ ರುಬ್ಬಿ, ನೂರು ಗ್ರಾಂ ಉಪ್ಪು, ನೂರು ಗ್ರಾಂ ಬ್ಯಾಡಗಿ ಖಾರದ ಪುಡಿ, ಅರಿಷಿಣ, ಹುರಿದು ಪುಡಿ ಮಾಡಿದ ಒಂದೂವರೆ ಚಮಚ ಮೆಂತ್ಯ ಕೂಡಿಸಬೇಕು. ಕಾಲು ಲೀಟರ್ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಬೆಳ್ಳುಳ್ಳಿಯ ಒಗ್ಗರಣೆ ಮಾಡಿ, ರುಬ್ಬಿದ್ದನ್ನು ಅದರಲ್ಲಿ ಹಾಕಿ ಎಣ್ಣೆ ಮೇಲೆ ತೇಲುವ ತನಕ ಬಾಡಿಸಬೇಕು. ಹದ ನೋಡುವ ಬಗೆಯನ್ನು ಮನೆಯವರು ಹೀಗೆ ಹೇಳಿಕೊಟ್ಟರು: ಸೌಟಿನಿಂದ ಗೀರಿದ ಗೆರೆ ಕೂಡಲೇ ಕೂಡಿಕೊಳ್ಳಬಾರದು, ತಾಟಿನ ಮೇಲೆ ಒಂದು ಹನಿ ಇಟ್ಟರೆ ಅದರ ಸುತ್ತ ನೀರು ಬಿಡಬಾರದು. ಪೂರ್ತಿ ಆರಿದ ಮೇಲೆ ಬಿಸಿಲಿನಲ್ಲಿ ಒಣಗಿಸಿದ ಭರಣಿಗೆ ತುಂಬಿ, ಮೇಲೆ ಒಂದು ಬೆರಳು ಎಣ್ಣೆ ನಿಲ್ಲುವಂತೆ ಮಾಡಬೇಕು. ಒದ್ದೆ ಚಮಚ ಮುಟ್ಟಿಸಬಾರದು. ಹೀಗೆ ಮಾಡಿದ ನಮ್ಮ ತೊಕ್ಕು ಯುಗಾದಿಯಿಂದ ಶ್ರಾವಣದ ತನಕ ಕೆಡದೆ ಉಳಿಯಿತು.

ಒಣಗಿಸುವ ವಿದ್ಯೆಯನ್ನು ಕಲಿಸಿದವರು ಲಕ್ಷ್ಮೇಶ್ವರದಲ್ಲಿರುವ ನಮ್ಮ ಅಕ್ಕ. ದೂರವಾಣಿಯಲ್ಲಿ ಕೇಳಿದಾಗ, “ಅಯ್ಯ ತಮ್ಮಾ, ನಮ್ಮ ಊರ ಬಿಸಲಿಗಿಂತ ದೊಡ್ಡ ಮಷಿನ್ ಯಾವುದೈತಿ?” ಎಂದು ನಕ್ಕು ವಿವರಿಸಿದರು. ನಮ್ಮ ಸೀಮೆಯ ಚೈತ್ರ ವೈಶಾಖಗಳ ಒಣಬಿಸಿಲು ಕರಾವಳಿಯವರಿಗಾಗಲಿ ಮಲೆನಾಡಿನವರಿಗಾಗಲಿ ಸಿಕ್ಕದ ಭಾಗ್ಯ. ಹಣ್ಣನ್ನು ನಾಲ್ಕು ಹೋಳು ಮಾಡಿ, ಬೀಜದ ರಸವನ್ನು ಸಾರಿಗೆಂದು ಬೇರೆ ತೆಗೆದು, ಹೋಳುಗಳ ಮೇಲೆ ಉಪ್ಪು ಉದುರಿಸಿ, ಶುಭ್ರವಾದ ಬಟ್ಟೆಯ ಮೇಲೆ ಸಿಪ್ಪೆ ಕೆಳಗಾಗುವಂತೆ ಹರಡಬೇಕು. ನೊಣ, ಧೂಳು ಕೂಡದಂತೆ ತೆಳುವಾದ ಇನ್ನೊಂದು ಬಟ್ಟೆ ಹೊದಿಸಬೇಕು. ಸಂಜೆ ಇಬ್ಬನಿಗೆ ಮೊದಲು ಒಳಗೆ ತಂದು ಬೆಳಿಗ್ಗೆ ಮತ್ತೆ ಹಾಕಬೇಕು. ಐದಾರು ದಿನಗಳಲ್ಲಿ ಹೋಳು ಮಡಚಿದರೆ ಮುರಿಯುವಷ್ಟು ಒಣಗುತ್ತದೆ. ಮೋಡ ಕವಿದ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಅರೆ ಒಣಗಿದ ಹೋಳಿಗೆ ಬೂಸು ಬೇಗ ಹಿಡಿಯುತ್ತದೆ. ಹತ್ತು ಕಿಲೋ ಹಣ್ಣು ಒಣಗಿ ಆರುನೂರು ಗ್ರಾಂ ಆಸುಪಾಸಿಗೆ ಇಳಿದದ್ದನ್ನು ತೂಗಿ ನೋಡಿ ಬೆರಗಾದೆವು. ಅದನ್ನು ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಳೆಗಾಲದ ಸಾರಿಗೆ ಎರಡು ಚಮಚ ಸಾಕು.

ಮೂರನೆಯದು ರಸವನ್ನು ಶೀಸೆಗಳಲ್ಲಿ ಕಾಯುವ ಕ್ರಮ. ಇದರಲ್ಲಿ ಎಚ್ಚರ ಹೆಚ್ಚು ಬೇಕು. ಹಣ್ಣಿಗೆ ಅಡ್ಡಗೀರು ಹಾಕಿ ಒಂದು ನಿಮಿಷ ಕುದಿನೀರಿನಲ್ಲಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಡುತ್ತದೆ. ತಿರುಳನ್ನು ಕುದಿಸಿ, ಜರಡಿ ಹಿಡಿದು, ಕುದಿನೀರಿನಲ್ಲಿ ತೊಳೆದ ಅರ್ಧ ಲೀಟರಿನ ಗಾಜಿನ ಶೀಸೆಗಳಿಗೆ ಬಿಸಿಯಿರುವಾಗಲೇ, ಬಾಯಿಗೆ ಅರ್ಧ ಅಂಗುಲ ಬಿಟ್ಟು ತುಂಬಬೇಕು. ಪ್ರತಿ ಶೀಸೆಗೂ ಒಂದು ದೊಡ್ಡ ಚಮಚಕ್ಕೆ ಕಡಿಮೆಯಾಗದಂತೆ ನಿಂಬೆರಸ ಹಾಕ ಮರೆಯಬಾರದು. ಹುಳಿ ಸಾಲದ ಶೀಸೆಯಲ್ಲಿ ಗಾಳಿಯಿಲ್ಲದೆಯೂ ಬೆಳೆಯುವ, ಪ್ರಾಣಕ್ಕೇ ಎರವಾಗುವ ವಿಷಾಣುಗಳುಂಟು. ಹುಳಿ ಅವನ್ನು ತಡೆಯುತ್ತದೆ. ಹೊಸ ಮುಚ್ಚಳ ಹಾಕಿ, ಆಳವಾದ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಶೀಸೆಗಳನ್ನು ನಿಲ್ಲಿಸಿ, ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮಾಡಿ, ನೀರು ಕುದಿಯತೊಡಗಿದ ಮೇಲೆ 40 ನಿಮಿಷ ಕುದಿಸಬೇಕು. ಮುಂದೆ ಎಂದಾದರೂ ಮುಚ್ಚಳ ಉಬ್ಬಿದ್ದರೆ, ತೆರೆದಾಗ ನೊರೆ ಬಂದರೆ, ವಾಸನೆ ಬೇರೆಯಾಗಿದ್ದರೆ ನಾಲಿಗೆಗೂ ಹಚ್ಚದೆ ಚೆಲ್ಲಬೇಕು. ಇಲ್ಲಿ ಮಾತ್ರ ಚೆಲ್ಲುವುದೇ ಧರ್ಮ. ಹೆಚ್ಚಿನ ತಿಳಿವಳಿಕೆ ಬೇಕೆನ್ನುವವರಿಗೆ ನಮ್ಮ ಜಿಲ್ಲೆಯ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಇಂಥ ವಿಷಯಗಳಿಗೆಂದೇ ಇರುವ ಸಂಸ್ಥೆ.

ಆ ಎರಡು ಕ್ರೇಟುಗಳ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಸುಮಾರು ಅರ್ಧ ಹಣ್ಣನ್ನು ಅಂದೇ ಓಣಿಯ ಮನೆಗಳಿಗೂ ಹತ್ತಿರದ ಒಂದು ಪ್ರಸಾದನಿಲಯಕ್ಕೂ ಕಳಿಸಿದೆವು. ಉಳಿದದ್ದರಲ್ಲಿ ಆರು ಕಿಲೋ ತೊಕ್ಕಾಯಿತು, ಹತ್ತು ಕಿಲೋ ಒಣಗಿತು, ಮಿಕ್ಕದ್ದು ಆರು ಶೀಸೆ ರಸವಾಯಿತು. ಮೂರು ದಿನ ಇಬ್ಬರೂ ದುಡಿದೆವು. ಸೊಂಟ ನೋಯಿತು, ಕಣ್ಣು ಖಾರಕ್ಕೆ ಉರಿಯಿತು. ನಾಲ್ಕು ದಶಕ ನಮಗೆ ತಾನಾಗಿ ಎಡೆಗೆ ಬಂದು ಬೀಳುತ್ತಿದ್ದ ಉಪ್ಪಿನಕಾಯಿಯ ಹಿಂದೆ ಎಷ್ಟು ಬೆನ್ನುಗಳು ಬಾಗಿದ್ದವೆಂಬುದು ಆಗ ತಿಳಿಯಿತು. ಈ ಕಾಯಕವನ್ನು ತಾಯಂದಿರ ಹೆಗಲಿಗೇ ಬಿಟ್ಟು, ಫಲವನ್ನು ಮಾತ್ರ ಉಂಡು, ಮೇಲೆ ಉಪದೇಶವನ್ನೂ ಮಾಡುವುದು ಕಾಯಕಧರ್ಮದವರಿಗೆ ಒಪ್ಪುವುದಿಲ್ಲ. ಮನೆಯ ಗಂಡಸರು, ಮಕ್ಕಳು ಕೂಡಿ ಕುಳಿತು ಹೆಚ್ಚಿದರೆ ಹತ್ತು ಕಿಲೋ ಹಣ್ಣು ಒಂದು ತಾಸಿನ ಕೆಲಸ.

ಕೂಡಿಡುವುದಕ್ಕೂ ದಾಸೋಹಕ್ಕೂ ಇರುವ ನಂಟನ್ನು ನೋಡಬೇಕೆನ್ನುವವರು ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋಗಬೇಕು. ಅಲ್ಲಿಯ ತೋಂಟದಾರ್ಯ ಮಠದ ಜಾತ್ರೆಯಲ್ಲಿ ‘ರೊಟ್ಟಿ ಜಾತ್ರೆ’ ಎಂದೇ ಹೆಸರಾದ ದಾಸೋಹವುಂಟು. ಭಕ್ತರು ಮನೆಮನೆಗಳಲ್ಲಿ ದಿನಗಳ ಮುಂಚೆಯೇ ಜೋಳದ ರೊಟ್ಟಿ ಬಡಿದು, ಖಡಕ್ಕಾಗಿ ಒಣಗಿಸಿ, ಕಾದಿಟ್ಟು ಮಠಕ್ಕೆ ಒಪ್ಪಿಸುತ್ತಾರೆ. ಹುಳಿಯೇರಿದ ಕರಿಂಡಿ ಅದರ ಜೊತೆಗೆ. ಜಾತಿ, ಮತ ಕೇಳದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಆ ರೊಟ್ಟಿಗಳೂ ನಾಳೆಗೆಂದು ಕೂಡಿಟ್ಟವೇ. ಆದರೆ ಯಾರ ನಾಳೆಗೆ? ಬರುವವರ ನಾಳೆಗೆ. ಹತ್ತೊಂಬತ್ತರ ನಮಗೆ ಇಷ್ಟು ತಿಳಿದಿದ್ದರೆ ಅವ್ವನ ಭರಣಿಗಳು ಅಟ್ಟ ಏರುತ್ತಿರಲಿಲ್ಲ.

ನಾವೀಗ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮೂರು ಭರಣಿ ತುಂಬಿದರೆ ಒಂದು ಮನೆಗೆ, ಒಂದು ಬಂದುಹೋಗುವವರಿಗೆ, ಒಂದು ಮಠದ ದಾಸೋಹಕ್ಕೆ. ಮುಂದಿನ ಹಂಗಾಮಿನ ಹೊತ್ತಿಗೆ ಯಾವ ಭರಣಿಯಲ್ಲಿಯೂ ಏನೂ ಉಳಿಯಬಾರದು. ಉಳಿದರೆ ಅದನ್ನು ನಮ್ಮ ಆಸೆಯ ಪಾಲೆಂದು ತಿಳಿದು ಹಂಚಿಬಿಡುತ್ತೇವೆ. ಆ ವಿದ್ಯಾರ್ಥಿಗೂ ಒಂದು ಮಾತು ಹೇಳಿದ್ದೇವೆ: ಬೆಲೆ ಬಿದ್ದ ವಾರ ಫೋನು ಮಾಡಬೇಕು, ಒಯ್ಯುವ ಬಾಡಿಗೆಗೂ ಕೊಯ್ಯುವ ಕೂಲಿಗೂ ನಷ್ಟವಾಗದಷ್ಟು ಕೊಟ್ಟು ಓಣಿಯ ಹತ್ತು ಮನೆಗಳವರು ಕೂಡಿ ಕೊಳ್ಳುತ್ತೇವೆ. ಕಳೆದ ಎರಡು ಹಂಗಾಮುಗಳಲ್ಲಿ ಹಾಗೆಯೇ ನಡೆದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸದ್ಭಕ್ತರು ತಮ್ಮ ತಮ್ಮ ಓಣಿಗಳಲ್ಲಿ ಹೀಗೆ ಮಾಡಿದರೆ ಒಬ್ಬ ರೈತನ ಹೊಲದ ಹಣ್ಣಾದರೂ ಹಾದಿಗೆ ಬೀಳುವುದು ತಪ್ಪೀತು. ಚೆಲ್ಲಿದ ಮೇಲೆ ಆಯ್ದವರು ಆ ಶರಣ ದಂಪತಿಗಳು. ಚೆಲ್ಲುವ ಮೊದಲೇ ಕೈ ಒಡ್ಡುವ ಅವಕಾಶ ನಮಗಿದೆ.

ಅಟ್ಟದ ಮೇಲಿದ್ದ ಅವ್ವನ ಎರಡು ಭರಣಿಗಳನ್ನು ಊರಿನಿಂದ ತರಿಸಿಕೊಂಡಿದ್ದೇವೆ. ಒಂದರ ಬಾಯಿ ಸ್ವಲ್ಪ ಒಡೆದಿದೆ. ಅದಕ್ಕೆ ಒಣಗಿದ ಪುಡಿ ತುಂಬುತ್ತೇವೆ. ಇನ್ನೊಂದರಲ್ಲಿ ತೊಕ್ಕು. ಮಳೆಗಾಲದಲ್ಲಿ ಮನೆಗೆ ಬಂದವರಿಗೆ ಮೊದಲು ಬಡಿಸುವುದು ಅದರಿಂದಲೇ.